ಮಾವನ ಸೈಕಲ್ಲಿಗೆ ಮೋಟರು

ಅವರ್ಸಾ
೧೯ ಜೂನ್ ೨೦೦೫

ಪ್ರೀತಿಯ ದಾದಾ,

ನಗಬೇಡ. ಹೌದು, ಪತ್ರ! ಮಗಳು ಅಳುತ್ತ ಬರೆದಿದ್ದಾಳೆ ಅಂತ ಆಯಿ ಎದೆ ಹಿಡಿದುಕೊಳ್ಳುವ ಮೊದಲೇ ಹೇಳಿಬಿಡು, ನಾನು ಬಹಳ ಬಹಳ ಸುಖವಾಗಿದ್ದೇನೆ. ಸೂರಜ್ ಟ್ರೇನಿಂಗ್ ಅಂತ ರಾಜಸ್ಥಾನಕ್ಕೆ ಹೋಗಿ ಹದಿನೈದು ದಿನವಾಗಿದೆ. ದಸರೆ ಕಳೆದ ಮೇಲೆಯೇ ಮತ್ತೆ ಕೈಗಾದ ಕೆಲಸಕ್ಕೆ ಬರುವುದಂತೆ. ಅವರು ಬಿಟ್ಟುಹೋದ ನೀಲಿ ಶರ್ಟನ್ನು ಇನ್ನೂ ಒಗೆಯಲು ಹಾಕಿಲ್ಲ. (ಈ ಸಾಲನ್ನು ಆಯಿಗೆ ಓದಬೇಡ!)

ಫೋನು ಇಲ್ಲಿ ನಡುಮನೆಯಲ್ಲಿದೆ. ನಾನು "ಹಲೋ" ಅಂದರೆ ಪಕ್ಕದ ಮನೆಯವರಿಗೂ ಕೇಳುತ್ತದೆ. ನನಗೆ ಹೇಳಬೇಕಾಗಿರುವುದು ಗುಟ್ಟು, ಹಾಗಾಗಿ ಪತ್ರ. ಇಂಗ್ಲಿಷ್ ಮೀಡಿಯಂನವಳ ಕನ್ನಡ ಅಂತ ಕೆಂಪು ಪೆನ್ನು ಹಿಡಿದು ಕೂರಬೇಡ.

ಗುಟ್ಟು ಏನೆಂದರೆ, ನನ್ನ ಮಾವನ ಸೈಕಲ್ಲಿಗೆ ಮೋಟರು ಹಾಕಬೇಕು! ನಿನ್ನ ಮಂಚದ ಕೆಳಗೆ ಒಂದು ಮೋಟರ್ ಕಿಟ್ ಧೂಳು ತಿನ್ನುತ್ತಿದೆಯಲ್ಲ, ಗೋವಾದಲ್ಲಿ ಆ ವಿದೇಶಿಯವನು ಊರಿಗೆ ಹೋಗುವಾಗ ನಿನಗೆ ಮಾರಿದ್ದು, ಅದು. ಮಾವ ಬೆಳಗಾದರೆ ಸೈಕಲ್ ಮೇಲೆ. ಗದ್ದೆಗೆ ಸೈಕಲ್, ಮೀನಿಗೆ ಸೈಕಲ್, ಅಂಕೋಲೆ ಪೇಟೆಗೂ ಸೈಕಲ್. ಹೈವೇಯ ಏರು ಹತ್ತಿ ಬಂದು ಜಗಲಿಯಲ್ಲಿ ಕೂತು ಉಸಿರು ಬಿಡುವುದು ನನಗೆ ಅಡಿಗೆಮನೆಯವರೆಗೂ ಕೇಳುತ್ತದೆ.

ಮೊದಲ ಚೌತಿಗೆ ನಮ್ಮ ಮನೆಯಿಂದ ಹೊರೆ ಬರಬೇಕಲ್ಲ? ಎಲ್ಲರ ತವರಿನವರೂ ತೆಂಗಿನಕಾಯಿ, ಪಂಚಕಜ್ಜಾಯ, ಸೀರೆ ಕಳಿಸುತ್ತಾರೆ. ನನ್ನ ತವರಿನಿಂದ ಮೋಟರ್ ಸೈಕಲ್! ಅವರ್ಸಾದಲ್ಲಿ ಯಾರ ತವರಿನಿಂದಾದರೂ ಹೀಗೆ ಬಂದದ್ದುಂಟೇ?

ಮಾವನಿಗೆ ಹೇಳುವ ಪ್ರಶ್ನೆಯೇ ಇಲ್ಲ. ಹೊಸ ಸೊಸೆ ಮಾವನ ಎದುರು ನಿಂತು ಮಾತಾಡುವ ರೂಢಿ ಈ ಮನೆಯಲ್ಲಿಲ್ಲ. ಅವರು ಜಗಲಿಯಲ್ಲಿ, ನಾನು ಒಳಗೆ. ನಡುವೆ ಅತ್ತೆಯೇ ಪೋಸ್ಟಾಫೀಸು. "ತಂಗಿ ಉಂಡ್ತಾ?" ಅಂತ ಅವರು ಅತ್ತೆಯನ್ನು ಕೇಳುತ್ತಾರೆ, "ಉಂಡೆ" ಅಂತ ನಾನು ಅತ್ತೆಗೆ ಹೇಳುತ್ತೇನೆ! ಆದರೆ ನೋಡಲು ಎಷ್ಟು ಗತ್ತು ಅಂತೀಯ. ಎಡ ಭುಜದಿಂದ ಕೈ ಮುಚ್ಚುವ ಹಾಗೆ ಇಳಿಬಿಟ್ಟ ಟವೆಲ್, ಸೈಕಲ್ ಮೇಲೂ ಹಾಗೆಯೇ, ಹ್ಯಾಂಡಲ್ ಬರೀ ಬಲಗೈಯಲ್ಲಿ. ಹೀರೋ!

ಹೂಂ ಅನ್ನು. ಪ್ಲೀಸ್, ಪ್ಲೀಸ್.

ನಿನ್ನ (ಮದುವೆಯಾದರೂ ಬದಲಾಗದ) ತಂಗಿ
ವಿಜೇತಾ

•

ಕೋಡಿಬಾಗ, ಕಾರವಾರ
೨ ಜುಲೈ ೨೦೦೫

ಪ್ರೀತಿಯ ವಿಜೂ,

ಪತ್ರ ಬಂತು. ಆಯಿಗೆ ಶರ್ಟಿನ ಸಾಲು ಓದಿದೆ. ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು.

ಮೋಟರು ಹಾಕಬಹುದು. ಪಾಲಿಟೆಕ್ನಿಕ್ಕಿನ ವರ್ಕ್‌ಶಾಪ್ ಸಂಜೆ ಖಾಲಿಯೇ ಇರುತ್ತದೆ. ಆದರೆ ಮದುವೆಯ ದಿನ ನಿಮ್ಮ ಅಂಗಳದಲ್ಲಿ ಆ ಸೈಕಲ್ ನೋಡಿದ ನೆನಪಿದೆ. ಅದಕ್ಕೆ ಕೈಬ್ರೇಕೇ ಇಲ್ಲ ಅಲ್ಲವೇ? ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುವ ಜಾತಿ. ಬ್ರೇಕು ಹಿಂದಿನ ಗಾಲಿಯ ಹೊಟ್ಟೆಯೊಳಗೇ ಇರುತ್ತದೆ. ನಮ್ಮ ಕಡೆ ಅಂಥ ಸೈಕಲ್ ನಾನು ಬೇರೆ ನೋಡಿಲ್ಲ.

ತೊಂದರೆ ಅಲ್ಲೇ ಇದೆ. ಮೋಟರಿನ ಚೈನಿಗೆ ಗಾಲಿಯ ಎಡಗಡೆ ಇನ್ನೊಂದು ಹಲ್ಲುಚಕ್ರ ಕೂರಿಸಬೇಕು. ರಬ್ಬರಿನ ಬಿಲ್ಲೆಗಳ ನಡುವೆ ಕಡ್ಡಿಗಳನ್ನು ಸಿಕ್ಕಿಸಿ ಬೋಲ್ಟ್ ಬಿಗಿಯುವ ಕೆಲಸ. ಬ್ರೇಕಿನ ಗಾಲಿಗೆ ನಡು ದಪ್ಪ, ಚಕ್ರದ ತೂತು ಅದರ ಮೇಲೆ ಇಳಿಯುವುದಿಲ್ಲ, ಕೊರೆಯಬೇಕು. ಮೇಲಾಗಿ ಅದೇ ಎಡಗಡೆಗೆ ಬ್ರೇಕಿನ ತೋಳು ಅಂತ ಒಂದು ಕಬ್ಬಿಣದ ಪಟ್ಟಿ ಇದೆ. ಅದು ಸೈಕಲ್ಲಿನ ಫ್ರೇಮಿಗೆ ಕ್ಲಿಪ್ಪಿನಲ್ಲಿ ಬಿಗಿದಿದ್ದರೆ ಮಾತ್ರ ಬ್ರೇಕು ಹಿಡಿಯುತ್ತದೆ. ಚೈನು ಹಾಯಲು ಅದನ್ನು ಕಾಯಿಸಿ ಹೊರಕ್ಕೆ ಬಗ್ಗಿಸಬೇಕಾದೀತು. ಗಾಲಿ ಬಿಚ್ಚಿ ಬಸ್ಸಿನಲ್ಲಿ ಕಳಿಸು.

ಇನ್ನೊಂದು ಮಾತು. ಈ ಮೋಟರಿಗೆ ಎಡಗೈಯಲ್ಲಿ ಹಿಡಿಯುವ ಕ್ಲಚ್ ಇದೆ, ಸ್ವಲ್ಪ ಬಿಗಿ. ಮಾವನಿಗೆ ಅಭ್ಯಾಸವಾದೀತೇ? ಅವರು ಕಾಲುಬ್ರೇಕಿನ ಸೈಕಲ್ಲನ್ನೇ ಯಾಕೆ ಇಟ್ಟುಕೊಂಡಿದ್ದಾರೆ? "ಒಮ್ಮೆ ಅವರನ್ನು ಕೇಳಿಯೇ ಮಾಡಿ ಮಕ್ಕಳೇ" ಅನ್ನುತ್ತಾಳೆ ಆಯಿ. ನನಗೂ ಹಾಗೇ ಅನಿಸುತ್ತದೆ.

ನಿನ್ನ ದಾದಾ
ಸತೀಶ

•

ಅವರ್ಸಾ
೧೧ ಜುಲೈ ೨೦೦೫

ದಾದಾ, ದಾದಾ, ದಾದಾ!

ಗಾಲಿ ಹೊರಟಿತು! ನಾನೇ ಪಾನಾ ಹಿಡಿದು ಬಿಚ್ಚಿದೆ, ಆ ನಿನ್ನ ಕಬ್ಬಿಣದ ತೋಳಿನ ಕ್ಲಿಪ್ಪು ಸಮೇತ. ಕೈತುಂಬ ಗ್ರೀಸು, ಬಳೆತುಂಬ ಗ್ರೀಸು. ಅತ್ತೆ ಬಾಗಿಲಲ್ಲಿ ನಿಂತು, "ಸೊಸಿ ತಂದ್ವೋ, ಗ್ಯಾರೇಜಿನವ್ನ ತಂದ್ವೋ!" ಅಂದರು.

ಬೇರಿಂಗು ಸವೆದಿದೆ, ನಮ್ಮ ದಾದಾ ಸರಿ ಮಾಡಿಕೊಡುತ್ತಾನೆ ಅಂತ ಅತ್ತೆಯ ಮೂಲಕ ಸುಳ್ಳು ದಾಟಿಸಿದೆ. ಮಾವ, "ಆಯ್ತು, ತಂಗಿ ಹೇಳ್ದ್ರೆ ಸರಿ" ಅಂದರಂತೆ. ಅಷ್ಟೇ! ಎಂಥ ಮಾವ! ಬಸ್ಸಿನ ಕಂಡಕ್ಟರ್ ರಾಮಾ ಗಾಲಿ ನೋಡಿ, "ಎಂತದೇ ಇದು, ಅರ್ಧಾ ಸೈಕಲ್ಲು? ಉಳದದ್ದು ನಾಳಿಗ್ ಬತ್ತದ್ಯಾ? ಅರ್ಧಾ ಟಿಕೇಟ್ ತಗಿ ಹಂಗಾರೆ" ಅಂದ. ಇಡೀ ಬಸ್ಸು ನಕ್ಕಿತು. ನಾನೂ.

ನಿನ್ನ ಪ್ರಶ್ನೆಗಳಿಗೆ ಉತ್ತರ: ಕಾಲುಬ್ರೇಕು ಯಾಕೆಂದರೆ ಅದು ಫಾರಿನ್ ಸೈಕಲ್! ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಶಾಂತಾರಾಮ ಅಂತ ಅವರ ಗೆಳೆಯರೊಬ್ಬರು ತಂದುಕೊಟ್ಟದ್ದಂತೆ. ಕ್ಲಚ್ ಬಗ್ಗೆ ಚಿಂತೆಯೇ ಬೇಡ, ಮಾವ ಇಡೀ ತೆಂಗಿನ ಗೊನೆಯನ್ನೇ ಹೆಗಲಿಗೇರಿಸುತ್ತಾರೆ, ನಿನ್ನ ಒಂದು ಕ್ಲಚ್ ಯಾವ ಲೆಕ್ಕ! ಕೇಳಿಬಿಟ್ಟರೆ ಸರ್‌ಪ್ರೈಸ್ ಎಲ್ಲಿ ಉಳಿಯಿತು? ಸೂರಜ್‌ಗೂ ಹೇಳಿಲ್ಲ, "ಚೌತಿಗೆ ಒಂದು ಮಜಾ ಇದೆ" ಅಂತಷ್ಟೇ ಫೋನಿನಲ್ಲಿ ಅಂದೆ.

ಒಂದೇ ಬೇಸರ. ಸೈಕಲ್ ಇಲ್ಲದೆ ಮಾವ ಈಗ ಮಳೆಯಲ್ಲಿ ನಡೆದೇ ಹೋಗುತ್ತಾರೆ. ಟವೆಲ್ ಒದ್ದೆಯಾದರೂ ತೆಗೆಯುವುದಿಲ್ಲ. ಬೇಗ ಮಾಡು.

ಗ್ರೀಸಿನ ಬೆರಳಚ್ಚಿನೊಂದಿಗೆ,
ವಿಜೇತಾ

•

ಕೋಡಿಬಾಗ
೨೪ ಆಗಸ್ಟ್ ೨೦೦೫

ಪ್ರೀತಿಯ ವಿಜೂ,

ಆಯಿತು. ಚಕ್ರದ ನಡು ಕೊರೆಸಿದೆ. ಮೊದಲ ಸಲ ಕೂರಿಸಿದಾಗ ಹಾವಿನ ಹಾಗೆ ತೂಗಾಡುತ್ತಿತ್ತು, ಬೋಲ್ಟುಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬಂದ ಮೇಲೆ ನೆಟ್ಟಗಾಯಿತು. ತೋಳನ್ನು ಕಾಯಿಸಿ ಬಗ್ಗಿಸಿದ್ದೇನೆ. ನೋಡಲು ಚಂದ ಇಲ್ಲ, ಆದರೆ ಚೈನು ತಾಗದೆ ಹಾಯುತ್ತದೆ.

ಚೌತಿಯ ಹಿಂದಿನ ದಿನ ಹೊರೆಯ ಜೊತೆ ನಾನೇ ಬಂದು ಜೋಡಿಸಿಕೊಡುತ್ತೇನೆ. ನಮ್ಮ ಮನೆಯಲ್ಲೂ ಗಣಪತಿ ಕೂರುವುದರಿಂದ ಸಂಜೆಯೇ ತಿರುಗಿ ಹೊರಡಬೇಕು. ಆಯಿ ನಿನಗೆ ಹಸಿರು ಸೀರೆ ತೆಗೆದಿದ್ದಾಳೆ. ಮಾವನಿಗೆ ಪಂಚೆ, ಮತ್ತು ನೀನು ಬರೆದೆಯಲ್ಲ ಅಂತ ಒಂದು ಒಳ್ಳೆಯ ಟವೆಲ್ಲು.

ನಿನ್ನ ದಾದಾ
ಸತೀಶ

•

ಅವರ್ಸಾ
೧೦ ಸೆಪ್ಟೆಂಬರ್ ೨೦೦೫

ದಾದಾ,

ಫೋನಿನಲ್ಲಿ "ಸಣ್ಣ ಪೆಟ್ಟು" ಅಂದೆನಲ್ಲ, ಅದು ಪೂರ್ತಿ ಅಲ್ಲ. ನಡುಮನೆಯಲ್ಲಿ ಎಲ್ಲರೂ ಇದ್ದರು.

ಚೌತಿಯ ಪೂಜೆ ಮುಗಿದ ಮೇಲೆ ಆರತಿಗೆ ಬಂದವರೆಲ್ಲ ಅಂಗಳದಲ್ಲೇ ನಿಂತರು. ಗಾಡಿಗೆ ನಾನೇ ಗೊಂಡೆಹೂವಿನ ಮಾಲೆ ಹಾಕಿದ್ದೆ. "ಬೀಗರ್ ಮನಿಂದ ಗಾಡಿ ಬಂದದಂತೆ ಬೊಮ್ಮಯ್ಯ, ಒಂದ್ ಸುತ್ ಹೊಡೀರಿ ಕಾಂಬ!" ಅಂತ ಯಾರೋ ಕೂಗಿದರು. ಮಾವ ಅತ್ತೆಯ ಮುಖ ನೋಡಿದರು. ಅತ್ತೆ ನೆಲ ನೋಡಿದರು. ನಾನು ಬಾಗಿಲ ಸಂದಿಯಲ್ಲಿ ನಿಂತು, ನಾಚಿಕೆ ಬಿಟ್ಟು, ಚಪ್ಪಾಳೆ ತಟ್ಟಿದೆ.

ಅವರು ಹತ್ತಿ ಪೆಡಲ್ ತುಳಿದರು. ನೀನು ಕ್ಲಚ್ಚನ್ನು ಒತ್ತಿ ಸಿಕ್ಕಿಸಿ ಇಟ್ಟಿದ್ದೆಯಲ್ಲ, ಅದನ್ನು ಬಲಗೈ ಚಾಚಿ ಬಿಡಿಸಿದರು. ಮೋಟರು ಭರ್ರೆಂದು ಹಿಡಿಯಿತು. ಮುಂದಿನದು ನೋಡಲಾಗದು. ಕಾಲಲ್ಲಿ ಬ್ರೇಕು ತುಳಿದರೂ ಮೋಟರು ಎಳೆಯುತ್ತಿತ್ತು. ಬಾವಿಯ ಹತ್ತಿರದ ತಿರುವಿನಲ್ಲಿ ಅವರು ಮತ್ತೆ ಬಲಗೈಯನ್ನೇ ಎಡಗಡೆಯ ಕ್ಲಚ್ಚಿಗೆ ಚಾಚಿದರು, ಹ್ಯಾಂಡಲ್ ಬಿಟ್ಟುಹೋಯಿತು. ಗಾಡಿ ಸಮೇತ ಗದ್ದೆಯ ಕೆಸರಿಗೆ.

ಎಲ್ಲರಿಗಿಂತ ಮೊದಲು ಓಡಿದವಳು ನಾನು. ಟವೆಲ್ಲು ಎಲ್ಲೋ ಬಿದ್ದಿತ್ತು. ಎದ್ದು ಕೂರಲು ಅವರು ಎಡಗೈ ಊರಿದ್ದರು. ದಾದಾ, ಆ ಕೈಯಲ್ಲಿ ಬೆರಳುಗಳಿಲ್ಲ. ಹೆಬ್ಬೆಟ್ಟು ಮತ್ತು ಅರ್ಧ ಅಂಗೈ.

ನಾನು ಕಿರುಚಿದೆ. ಹಣೆಯಲ್ಲಿ ರಕ್ತ ಬರುತ್ತಿತ್ತು, ಅದನ್ನು ನೋಡಿ ಕಿರುಚಿದ್ದಲ್ಲ. ಕೈ ನೋಡಿ ಕಿರುಚಿದೆ, ಮುಖ ತಿರುಗಿಸಿದೆ. ಅದನ್ನು ಅವರು ನೋಡಿದರು. ಕೆಸರಲ್ಲೇ ಕೂತು ಆ ಕೈಯನ್ನು ಪಂಚೆಯೊಳಗೆ ಅಡಗಿಸಿಕೊಂಡು, ಮದುವೆಯಾದ ಮೇಲೆ ಮೊದಲ ಸಲ ನನ್ನ ಜೊತೆ ನೇರವಾಗಿ ಮಾತಾಡಿದರು.

"ತಂಗೀ, ನಿನ್ ತವರ್ಮನಿ ಗಾಡಿ ಹಾಳ್ ಮಾಡ್ಬಿಟ್ಟೆ. ನಿನ್ನಣ್ಣಗೆ ಹೆಂಗ್ ಮುಖ ತೋರ್ಸೂದು ನಾನು?"

ಇಷ್ಟು ಬರೆಯಲು ಮೂರು ಹಾಳೆ ಹರಿದೆ. ಆಯಿಗೆ ಓದಬೇಡ.

ವಿಜೇತಾ

•

ಕೋಡಿಬಾಗ
೧೪ ಸೆಪ್ಟೆಂಬರ್ ೨೦೦೫

ವಿಜೂ,

ನಿನ್ನೊಬ್ಬಳ ತಲೆಯ ಮೇಲೆ ಇದನ್ನು ಹೊತ್ತುಕೊಳ್ಳಬೇಡ. ಆ ದಿನ ಅಂಗಳದಲ್ಲಿ ಅವರಿಗೆ ಕ್ಲಚ್ ತೋರಿಸಿದವನು ನಾನು. "ಹಿಡಿದು ನೋಡಿ ಮಾವಯ್ಯ" ಅಂದೆ. "ತಿಳೀತು, ತಿಳೀತು, ನೀವು ಮೊದಲು ಚಾ ಕುಡೀರಿ" ಅಂದರು. ಮೋಟರು ನಿಲ್ಲಿಸುವ ಗುಂಡಿ ತೋರಿಸುವಾಗಲೂ ಅವರು ಚಾ ತರಲು ಕೂಗುತ್ತಿದ್ದರು. ಹೊರೆಯ ಹರಿವಾಣ ಇಸಿದುಕೊಳ್ಳುವಾಗ ಟವೆಲ್ಲಿನ ಅಡಿ ಏನೋ ಸರಿಯಿಲ್ಲ ಅಂತ ನನಗೆ ಕಂಡಿತ್ತು. ಆದರೆ ಹೊರೆ ಇಳಿಸಿ ಆಗಿತ್ತು, ನಾಲ್ಕು ಜನ ಕೂತಿದ್ದರು. ಬಾಯಿ ಬರಲಿಲ್ಲ. ಬಸ್ಸಿನಲ್ಲಿ ಇಡೀ ದಾರಿ ನನಗೆ ನಾನೇ ಸಮಾಧಾನ ಹೇಳಿಕೊಂಡು ಬಂದೆ.

ಆಯಿಗೆ ಓದದೆ ಇರಲು ಆಗಲಿಲ್ಲ. ಅವಳು ಹಣೆ ಬಡಿದುಕೊಂಡಳು. ಸಂಬಂಧ ನೋಡುವಾಗಲೇ ಅವರು ಕೈಯ ವಿಷಯ ಹೇಳಿದ್ದರಂತೆ, ಅಕ್ಕಿ ಗಿರಣಿಯ ಬೆಲ್ಟಿಗೆ ಸಿಕ್ಕಿದ್ದು. ಸೂರಜ್ ನಿನಗೆ ಹೇಳಿರುತ್ತಾನೆ ಅಂತ ಆಯಿ ಸುಮ್ಮನಿದ್ದಳು. ಅದಕ್ಕೇ ಕೇಳಿ ಮಾಡಿ ಅಂದಿದ್ದಳು, ಆದರೆ ಕ್ಲಚ್ ಅಂದರೇನು ಅಂತ ಅವಳಿಗೆ ಗೊತ್ತಿರಲಿಲ್ಲ.

ಬೇಡವಾಗಿದ್ದರೆ ಅವರು ಒಂದು ಮಾತು ಹೇಳಬಹುದಿತ್ತಲ್ಲ?

ಸತೀಶ

•

ಅವರ್ಸಾ
೨೫ ಸೆಪ್ಟೆಂಬರ್ ೨೦೦೫

ದಾದಾ,

ನೀನು ಕೇಳಿದ್ದನ್ನೇ ನಾನು ಅತ್ತೆಯನ್ನು ಕೇಳಿದೆ. ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು.

"ಮೊದ್ಲ ಚೌತಿಗೆ ಬಂದ ಹೊರೆ ಬ್ಯಾಡಂದ್ರೆ ಎಂತಾಗ್ತದೆ ಗೊತ್ತಾ? ಸೊಸಿ ತವರೇ ಬ್ಯಾಡ ಅಂದ್ಹಾಂಗೆ. ನಿನ್ ಮುಖ ಸಣ್ಣಾಗ್ತದೆ ಅಂತ ನಾನೂ ಸುಮ್ನಾದೆ. ರಾತ್ರಿ ನಾ ಹೇಳ್ದೆ, ಹತ್ಬ್ಯಾಡಿ ಅಂತ. 'ಒಂದೇ ಸುತ್ತಲ್ದನೇ ಸುಗಂಧಾ, ಹುಡ್ಗಿ ಖುಷಿ ಆಗ್ಲಿ' ಅಂದ್ರು."

ಕೈಗೆ ಹಾಗಾದ ಮೇಲೆ ಮಾವ ಬಹಳ ಕಾಲ ಮನೆ ಬಿಟ್ಟು ಹೊರಬಿದ್ದಿರಲಿಲ್ಲವಂತೆ. ಬ್ರೇಕು ಹಿಡಿಯಲು ಬೆರಳಿಲ್ಲ, ಇನ್ನು ಸೈಕಲ್ ಎಲ್ಲಿಯದು ಅಂತ. ಹಡಗಿನ ಶಾಂತಾರಾಮಣ್ಣ ಪ್ರತಿ ಬಂದರಿನಲ್ಲೂ ಹುಡುಕಿ, ಒಂದೇ ಕೈಯಿದ್ದವನೂ ಓಡಿಸಬಹುದಾದ ಸೈಕಲ್ಲನ್ನು ಬಿಚ್ಚಿ ಗೋಣಿಚೀಲದಲ್ಲಿ ಕಟ್ಟಿ ತಂದರಂತೆ. ಒಂದೇ ಕೈಯಲ್ಲಿ ಓಡಿಸುವುದನ್ನು ನಾನು ಗತ್ತು ಅಂತ ಬರೆದೆ. ಹೀರೋ ಅಂತ ಬರೆದೆ. ಆ ಪತ್ರ ನಿನ್ನ ಹತ್ತಿರ ಇದ್ದರೆ ಒಲೆಗೆ ಹಾಕು.

ಟವೆಲ್ಲು ನನಗಾಗಿಯೇ ಇದ್ದದ್ದು ದಾದಾ. ಊರಿಗೆಲ್ಲ ಆ ಕೈ ಗೊತ್ತು, ನಾನು ಬರುವ ಮೊದಲು ಯಾರ ಮುಂದೆಯೂ ಅವರು ಮುಚ್ಚುತ್ತಿರಲಿಲ್ಲ. "ಹೊಸ ಹುಡ್ಗಿ, ನೋಡಿ ಹೇಸ್ಕಂತದೆ, ನಾಕ್ ದಿನ ಹೋಗ್ಲಿ" ಅಂದಿದ್ದರಂತೆ. ನಾಲ್ಕು ದಿನ ಹೋಯಿತು, ನಾಲ್ಕು ತಿಂಗಳು ಹೋಯಿತು. ಕೊನೆಗೆ ನಾನು ಹೇಸಿಕೊಂಡೇ ತೋರಿಸಿದೆ.

ಸೂರಜ್‌ಗೆ ಫೋನಿನಲ್ಲಿ ಹೇಳಿದೆ. "ನಿಂಗೆ ಯಾರೂ ಹೇಳ್ಲಿಲ್ವಾ?" ಅಂದರು. "ನೀವು?" ಅಂದೆ.

ಈಗ ಮಾವನ ಬಲಗೈ ಮಣಿಕಟ್ಟು ಉಳುಕಿ ಪಟ್ಟಿ ಕಟ್ಟಿದ್ದಾರೆ. ಹಾಗಾಗಿ ಊಟಕ್ಕೆ ಎಡಗೈಯೇ ಬೇಕು. ಅವರು ಜಗಲಿಯಲ್ಲಿ ಉಣ್ಣುವುದನ್ನು ಬಿಟ್ಟಿದ್ದಾರೆ. ಕೋಣೆಯ ಬಾಗಿಲು ಹಾಕಿಕೊಂಡು ಉಣ್ಣುತ್ತಾರೆ. ಚಮಚ ತಟ್ಟೆಗೆ ಬಡಿಯುವುದು, ಜಾರಿ ಬೀಳುವುದು, ಅತ್ತೆ ಎತ್ತಿಕೊಡುವುದು ಹೊರಗೆ ಕೇಳುತ್ತದೆ. ನಾನು ಹಿತ್ತಲಲ್ಲಿದ್ದರೆ ಅವರು ಮುಂದಿನಿಂದ ಸುತ್ತಿ ಹೋಗುತ್ತಾರೆ. ಆಯಿ ಕಳಿಸಿದ ಹೊಸ ಟವೆಲ್ಲನ್ನೇ ಹೊದ್ದಿದ್ದಾರೆ, ಅದು ಹಳೆಯದಕ್ಕಿಂತ ಉದ್ದ.

ತಪ್ಪಾಯಿತು ಅಂತ ಹೇಳಲು ಅವರೆದುರು ನಿಲ್ಲಬೇಕು. ನಿಂತರೆ ಅವರು ಕೈ ಅಡಗಿಸುತ್ತಾರೆ. ಹೇಗೆ ಹೇಳಲಿ?

ಗಾಲಿ ಬಿಚ್ಚಿ ಕಳಿಸಿದ್ದೇನೆ. ಹಲ್ಲುಚಕ್ರ ತೆಗೆದು ಮೊದಲಿನ ಹಾಗೆ ಮಾಡಿಕೊಡು. ಮೋಟರನ್ನೂ ದಾದಾ ತೆಗೆದುಕೊಂಡು ಹೋಗಲಿ ಅಂತ ಅತ್ತೆಯ ಮೂಲಕ ಹೇಳಿಸಿದೆ. "ತವರಿನ ಸಾಮಾನು ವಾಪಸ್ ಹೋಗೂದಿಲ್ಲ" ಅಂತ ಮಾವ ಒಳಗಿನಿಂದಲೇ ಅಂದರು.

ವಿಜೇತಾ

•

ಕೋಡಿಬಾಗ
೩ ಅಕ್ಟೋಬರ್ ೨೦೦೫

ವಿಜೂ,

ಚಕ್ರ ತೆಗೆದಿದ್ದೇನೆ. ಕಡ್ಡಿಗಳನ್ನು ಮತ್ತೆ ಬಿಗಿದು ಗಾಲಿ ನೆಟ್ಟಗೆ ಮಾಡಿದೆ. ತೋಳು ಮಾತ್ರ ಮೊದಲಿನಂತಾಗಲಿಲ್ಲ. ಒಮ್ಮೆ ಕಾಯಿಸಿ ಬಗ್ಗಿಸಿದ್ದು, ತಿರುಗಿ ನೇರ ಮಾಡಹೋದರೆ ಬಿರುಕು ಬಿಡುವಂತಿದೆ. ಬಿಟ್ಟಿದ್ದೇನೆ. ಮಡಗಾಂವದಲ್ಲೂ ಕೇಳಿದೆ, ಅಂಥದ್ದು ಇನ್ನೊಂದು ಸಿಗುವುದಿಲ್ಲ. ಡೊಂಕಾಗಿದ್ದರೂ ಬ್ರೇಕು ಹಿಡಿಯುತ್ತದೆ, ಆದರೆ ಅದನ್ನು ಫ್ರೇಮಿಗೆ ಒತ್ತಿ ಹಿಡಿದುಕೊಂಡೇ ಕ್ಲಿಪ್ಪು ಬಿಗಿಯಬೇಕು. ಒಬ್ಬರ ಕೆಲಸವಲ್ಲ. ನಾನು ಬರಲೇ?

ಬರಲು ನನಗೂ ಮುಖವಿಲ್ಲ, ಆದರೂ ಬರುತ್ತೇನೆ.

ಸತೀಶ

•

ಅವರ್ಸಾ
೧೨ ಅಕ್ಟೋಬರ್ ೨೦೦೫

ಪ್ರೀತಿಯ ದಾದಾ,

ನೀನು ಬರುವುದು ಬೇಡ. ಅಂದರೆ ಬಾ, ದೀಪಾವಳಿಗೆ ಬಾ, ಆದರೆ ಆ ಕೆಲಸಕ್ಕೆ ಬೇಡ.

ನಿನ್ನೆ ಆಯುಧಪೂಜೆ. ಕತ್ತಿ, ಗುದ್ದಲಿ, ತೆಂಗು ಸುಲಿಯುವ ಕೋಲು ಎಲ್ಲವನ್ನೂ ತೊಳೆದು ಜಗಲಿಯಲ್ಲಿ ಸಾಲಾಗಿ ಇಟ್ಟಿದ್ದರು. ನಿನ್ನ ಮೋಟರನ್ನೂ ಮಾವ ಸೀಮೆಎಣ್ಣೆಯಲ್ಲಿ ಒರೆಸಿ, ಗೋಣಿಯ ಮೇಲೆ ಕೂರಿಸಿ, ಮೇಲೆ ಒಂದು ದಾಸವಾಳ ಇಟ್ಟಿದ್ದರು. ಸೈಕಲ್ಲು ಮಾತ್ರ ಹಿಂದಿನ ಗಾಲಿಯಿಲ್ಲದೆ ಕಂಬಕ್ಕೆ ಒರಗಿತ್ತು. ಗಾಲಿಯಿಲ್ಲದ ಸೈಕಲ್ಲಿಗೆ ಪೂಜೆ ಮಾಡುವುದು ಹೇಗೆ?

ನಾನು ಸೀರೆ ಎತ್ತಿ ಸಿಕ್ಕಿಸಿ, ಪಾನಾ ಹಿಡಿದು ಅಂಗಳಕ್ಕೆ ಇಳಿದೆ. ಮಾವ ಬಾವಿಕಟ್ಟೆಯ ಹತ್ತಿರ ಹೂವು ಬಿಡಿಸುತ್ತಿದ್ದರು. ಬಲಗೈಯ ಪಟ್ಟಿ ಬಿಚ್ಚಿ ನಾಲ್ಕು ದಿನವಾಗಿದೆ. ನೀನು ಕಳಿಸಿದ ಗಾಲಿ ಕೂರಿಸಿದೆ, ನಟ್ಟು ಬಿಗಿದೆ. ತೋಳು ನೀನು ಹೇಳಿದ ಹಾಗೆಯೇ ಮೊಂಡು. ಫ್ರೇಮಿಗೆ ಒತ್ತಿದರೆ ಕ್ಲಿಪ್ಪು ಜಾರುತ್ತದೆ, ಕ್ಲಿಪ್ಪು ಹಿಡಿದರೆ ತೋಳು ಚಿಮ್ಮುತ್ತದೆ. ಅತ್ತೆಯನ್ನು ಕರೆಯಬಹುದಿತ್ತು. ಅವರು ಬಾಗಿಲಲ್ಲೇ ನಿಂತಿದ್ದರು.

"ಮಾವ, ಇದನ್ನು ಸ್ವಲ್ಪ ಹಿಡಿಯುತ್ತೀರಾ?" ಅಂದೆ.

ನೇರವಾಗಿ. ಅತ್ತೆಯ ಮೂಲಕ ಅಲ್ಲ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

ನಾನು ತಲೆ ಎತ್ತಲಿಲ್ಲ. ಮಾವ ಹತ್ತಿರ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತರು. ಬಲಗೈಯಿಂದ ತೋಳನ್ನು ಒತ್ತಿದರು. ಸಾಲಲಿಲ್ಲ, ಆ ಮಣಿಕಟ್ಟಿಗೆ ಇನ್ನೂ ಬಲ ಬಂದಿಲ್ಲ. "ಇನ್ನೂ ಗಟ್ಟಿ ಬೇಕು ಮಾವ" ಅಂದೆ. ಅವರು ಟವೆಲ್ಲನ್ನು ಭುಜದಿಂದ ಎಳೆದು ಸೀಟಿನ ಮೇಲೆ ಹಾಕಿದರು. ಎಡಗೈ ಬಂತು. ಹೆಬ್ಬೆಟ್ಟು ಈ ಕಡೆ, ಅಂಗೈಯ ಮೊಂಡು ಆ ಕಡೆ, ನಡುವೆ ಕಬ್ಬಿಣ. ಅಲುಗಾಡಲಿಲ್ಲ ದಾದಾ. ನಾನು ಕ್ಲಿಪ್ಪು ತೊಡಿಸಿ, ಸ್ಕ್ರೂ ತಿರುಗಿಸುವಷ್ಟು ಹೊತ್ತೂ ಆ ಕೈಯನ್ನೇ ನೋಡಿದೆ. ಅದಕ್ಕೆ ಗ್ರೀಸು ತಾಗಿತು, ನನ್ನ ಕೈಗೂ ತಾಗಿತು. ತಪ್ಪಾಯಿತು ಅನ್ನಲು ಬಾಯಿ ತೆರೆದೆ.

"ಸ್ಕ್ರೂ ನೋಡು ತಂಗೀ, ಅಡ್ಡಾ ಹೋಗ್ತದೆ" ಅಂದರು.

ಬಿಗಿದು ಆದ ಮೇಲೆ ಪೆಡಲನ್ನು ಹಿಂದಕ್ಕೆ ಒತ್ತಿ ನೋಡಿದರು. ಗಾಲಿ ನಿಂತಿತು. ಡೊಂಕು ತೋಳಿನ ಮೇಲೆ ಹೆಬ್ಬೆಟ್ಟು ಆಡಿಸಿದರು. "ಅಣ್ಣ ಬೇರೆದು ಹುಡುಕಿದ, ಸಿಗಲಿಲ್ಲ ಮಾವ" ಅಂದೆ. "ಎಂತಕ್ಕೆ? ಹಿಡೀತದಲ್ಲ" ಅಂದರು.

ಪೂಜೆ ಆಯಿತು. ಇವತ್ತು ಬೆಳಿಗ್ಗೆ ಜಗಲಿಯಲ್ಲೇ ದೋಸೆ ತಿಂದು ಅಂಕೋಲೆಗೆ ಹೊರಟರು. ಸೈಕಲ್ಲು ಗೇಟು ದಾಟಿದ ಮೇಲೆ ಅತ್ತೆ, "ಅಯ್ಯ, ಟವೆಲ್ ಗೂಟದಲ್ಲೇ ಬಿಟ್ಟು ಹೋದ್ರಲ್ಲೇ! ಓಡು, ತಿರುವಿನಲ್ಲಿ ಸಿಗ್ತಾರೆ, ಕೊಟ್ಟು ಬಾ" ಅಂದರು.

ಟವೆಲ್ಲನ್ನು ಕೈಗೆ ತೆಗೆದುಕೊಂಡೆ. ಗೇಟಿನವರೆಗೂ ಹೋದೆ. ಏರಿನಲ್ಲಿ ಅವರು ನಿಧಾನವಾಗಿ ತುಳಿಯುತ್ತಿದ್ದುದು ಕಾಣುತ್ತಿತ್ತು. ಕೂಗಿದರೆ ಕೇಳುತ್ತಿತ್ತು.

ಕೂಗಲಿಲ್ಲ. ತಂದು ಒಗೆಯಲು ಹಾಕಿದೆ, ಸೂರಜ್‌ರ ನೀಲಿ ಶರ್ಟಿನ ಜೊತೆ.

ನಿನ್ನ ತಂಗಿ
ವಿಜೇತಾ